ತಂಬೂರಿ ಯಾರದು?

ಶಿಷ್ಯನೊಬ್ಬ ಗುರುಗಳಿಗೆ ಕೈಮುಗಿದು ಕೇಳಿದ: "ಗುರುಗಳೇ, ಹೋದ ವಾರ ನನ್ನ ಮೊದಲ ಕಛೇರಿ ಆಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂದಿನಿಂದ ಎದೆ ಉಬ್ಬಿಕೊಂಡೇ ಇದೆ, ಇಳಿಯುತ್ತಿಲ್ಲ. ಹಿರಿಯರು ಹೆಮ್ಮೆ ಒಳ್ಳೆಯದಲ್ಲ ಎನ್ನುತ್ತಾರೆ. ಹೆಮ್ಮೆಪಡುವುದು ತಪ್ಪೇ?"

ಗುರುಗಳು ನಕ್ಕರು. "ಕೂತುಕೋ, ಒಂದು ಕತೆ ಇದೆ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ತಂಬೂರಿ ಮಾಡುವವರ ಓಣಿ ಇತ್ತು. ಓಣಿಯ ಈ ಬದಿಗೆ ಒಬ್ಬನ ಮನೆ, ಎದುರಿಗೆ ಇನ್ನೊಬ್ಬನ ಮನೆ. ನಮ್ಮ ಕತೆ ಈ ಬದಿಯವನದು. ಅವನನ್ನು ತಂಬೂರಿಯವನು ಎನ್ನೋಣ, ಆ ಬದಿಯವನನ್ನು ಎದುರು ಮನೆಯವನು ಎನ್ನೋಣ. ಇಬ್ಬರಿಗೂ ಅಪ್ಪ ಅಜ್ಜಂದಿರಿಂದ ಬಂದ ಕಸುಬು. ಇಬ್ಬರ ಕೈಯೂ ಚೆನ್ನಾಗಿತ್ತು. ಆದರೆ ಸಂಬಂಧ ಮಾತ್ರ ಎಣ್ಣೆ ಸೀಗೆಕಾಯಿ.

ಜಗಳಕ್ಕೆ ಕಾರಣ ಒಂದು ತಂಬೂರಿ. ಮೂವತ್ತು ವರ್ಷಗಳ ಹಿಂದೆ ಹೆಸರಾಂತ ಗಾಯಕಿಯೊಬ್ಬರು ಆ ಓಣಿಗೆ ಬಂದಿದ್ದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಎರಡೂ ಮನೆಗಳಿಂದ ಒಂದೊಂದು ತಂಬೂರಿ ಕೊಂಡು ಹೋದರು. ಮರುತಿಂಗಳು ಅವರು ಹಾಡಿದ ಒಂದು ರಾಗದ ಧ್ವನಿಮುದ್ರಣ ಮನೆಮಾತಾಯಿತು. ಅವರ ಹಿಂದೆ ಒಂದೇ ಒಂದು ತಂಬೂರಿ ನುಡಿಯುತ್ತಿತ್ತು. ಅದು ಯಾವ ಮನೆಯದು ಎಂದು ಆಗ ಯಾರೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯುವ ಹೊತ್ತಿಗೆ ಗಾಯಕಿ ತೀರಿಕೊಂಡಿದ್ದರು.

ತಂಬೂರಿಯವನು ಅದು ತನ್ನದೆಂದು ಸಾರುತ್ತ ಬಂದ. ಗಿರಾಕಿ ಹೊಸ್ತಿಲು ದಾಟಿದರೆ ಮೊದಲು ಆ ಮಾತು, ಆಮೇಲೆ ಚಹಾ. ಎದುರು ಮನೆಯವನೂ ಅದು ತನ್ನದೆಂದೇ ಹೇಳುತ್ತಿದ್ದ. ಅಲ್ಲಿ ಚಹಾ ಮೊದಲು, ಅಷ್ಟೇ ವ್ಯತ್ಯಾಸ.

ಹೊರಗೆ ಇಷ್ಟು ದೊಡ್ಡ ದನಿ ಮಾಡುತ್ತಿದ್ದ ತಂಬೂರಿಯವನಿಗೆ ಒಳಗೊಂದು ಕೊರಗಿತ್ತು. ತಂಬೂರಿ ನಿಜವಾಗಿ ತನ್ನದೋ ಅಲ್ಲವೋ ಎಂಬುದು ಅವನಿಗೇ ಗೊತ್ತಿರಲಿಲ್ಲ. ಹಳೆಯ ಕ್ಯಾಸೆಟ್ಟಿನಲ್ಲಿ ಗಾಯಕಿಯ ಕಂಠ ಕೇಳುತ್ತಿತ್ತು, ಹಿಂದೆ ತಂಬೂರಿ ಇದೆ ಎಂಬುದೂ ತಿಳಿಯುತ್ತಿತ್ತು. ಅದರ ಮುಖಚಹರೆ ಮಾತ್ರ ಕೇಳುತ್ತಿರಲಿಲ್ಲ. ವಯಸ್ಸು ಅರವತ್ತು ದಾಟಿತು. ಬದುಕಿಡೀ ಹೇಳಿದ ಮಾತು ನಿಜವೋ ಸುಳ್ಳೋ ತಿಳಿಯದೆಯೇ ಕಣ್ಣು ಮುಚ್ಚಬೇಕಲ್ಲ ಎಂದು ಅವನು ಒಳಗೊಳಗೇ ಹೆದರಿದ್ದ.

ಹೀಗಿರುವಾಗ ಒಂದು ಸುದ್ದಿ ಬಂತು. ಆ ಧ್ವನಿಮುದ್ರಣದ ಮೂಲ ಟೇಪು ಸಿಕ್ಕಿದೆ. ಅದನ್ನು ಸೆಕೆಂಡಿಗೆ ತೊಂಬತ್ತಾರು ಸಾವಿರ ಸಲ ಅಳೆದು, ಎಳೆ ಎಳೆಯಾಗಿ ಬಿಡಿಸಿ, ಹೈ ರೆಸಲ್ಯೂಷನ್ ಎಂಬ ಹೆಸರಿನಲ್ಲಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಮೊಬೈಲಿನಲ್ಲೇ ಕೇಳಬಹುದು. ಆದರೆ ಅಷ್ಟು ಸೂಕ್ಷ್ಮ ಕೇಳಬೇಕಾದರೆ ಮೊಬೈಲಿನ ಹೊರಗೆ ಡ್ಯಾಕ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಅಂಕಿಗಳಾಗಿ ಬಂದ ನಾದವನ್ನು ಮತ್ತೆ ನಾದ ಮಾಡುವುದು ಅದರ ಕೆಲಸ.

ತಂಬೂರಿಯವನು ಡ್ಯಾಕ್ ತರಿಸಿದ. ಸಂಗೀತ ಸಭೆಯಿಂದ ಸ್ಪೀಕರುಗಳನ್ನು ಎರವಲು ತಂದ. ಒಂದು ಭಾನುವಾರ ಬೆಳಿಗ್ಗೆ ಓಣಿಯವರನ್ನೆಲ್ಲ ಪಡಸಾಲೆಗೆ ಕರೆದ. ಎದುರು ಮನೆಯವನನ್ನು ತಾನೇ ಹೋಗಿ ಕರೆದು ಬಂದ. ಅವನು ಹೊಸ ಟೊಪ್ಪಿಗೆ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತ. ಮೊಬೈಲು ನೋಡಿಕೊಳ್ಳಲು ತಂಬೂರಿಯವನ ಸೊಸೆ ಕೂತಳು. ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಸುಲಭಕ್ಕೆ ಸೋಲುವ ಪೈಕಿಯಲ್ಲ.

ಮೊದಲ ಸಲ ಪೆಟ್ಟಿಗೆಯ ದೀಪವೇನೋ ಹೊತ್ತಿತು. ಸ್ಪೀಕರು ಮಾತ್ರ ತುಟಿ ಬಿಚ್ಚಲಿಲ್ಲ. ಹಾಡು ಮೊಬೈಲಿನ ಹೊಟ್ಟೆಯಿಂದಲೇ ಸಣ್ಣಗೆ ಕೇಳಿಸಿತು. ನೋಡಿದರೆ ಹಾಕಿದ್ದ ಕೇಬಲ್ಲು ಬರೀ ಚಾರ್ಜಿನದು. ಅದರಲ್ಲಿ ಕರೆಂಟು ಹರಿಯುತ್ತದೆ, ನಾದ ಹರಿಯುವುದಿಲ್ಲ. ಎದುರು ಮನೆಯವನು ಮೀಸೆಯಲ್ಲೇ ನಕ್ಕ. ಸೊಸೆ ಬೇರೆ ಕೇಬಲ್ಲು ತಂದು ಹಾಕಿದಳು.

ಎರಡನೆಯ ಸಲ ಹಸಿರು ದೀಪ ಹೊತ್ತಿತು. ಸ್ಪೀಕರಿನಲ್ಲಿ ಗಾಯಕಿ ಹಾಡತೊಡಗಿದರು. ಜನ ತಲೆದೂಗಿದರು. ತಂಬೂರಿಯವನ ತಲೆ ಮಾತ್ರ ಅಲ್ಲಾಡಲಿಲ್ಲ.

"ಸಾಕಲ್ರಿ ಮಾವಾರ? ದೀಪಾನೂ ಹತ್ತೇತಿ, ಹಾಡೂ ಬಂದೈತಿ" ಎಂದಳು ಸೊಸೆ.

"ದೀಪ ಕಣ್ಣಿಗಾತವ್ವಾ, ಕಿವಿಗೇನಾತು? ನಡುವ ಯಾರೋ ಕೂತು ತಿನ್ನಾಕತ್ತಾರ. ಪೂರಾ ಬಂದಿಲ್ಲ" ಎಂದ ಅವನು.

ಅವಳು ಆ್ಯಪಿನೊಳಗೆ ಇಳಿದು ಹುಡುಕಿದಳು. ಅತ್ಯುತ್ತಮ ಗುಣಮಟ್ಟ ಎಂದು ಅವಳು ಹಿಂದಿನ ದಿನವೇ ಒತ್ತಿದ್ದಳು. ಆದರೆ ಅದು ವೈಫೈಗೆ ಮಾತ್ರ. ಮೊಬೈಲ್ ಡೇಟಾಗೆ ಬೇರೆ ಕಟ್ಟಳೆ ಇತ್ತು, ಅಲ್ಲಿ ಡೇಟಾ ಉಳಿಸಲೆಂದು ಹಾಡನ್ನು ಹಿಂಡಿ ಕಳಿಸುತ್ತಿದ್ದರು. ಅದನ್ನು ಸರಿಮಾಡಿದಳು. ನಾದ ಸ್ವಲ್ಪ ಅರಳಿತು. ದೀಪ ಹಸಿರೇ ಇತ್ತು. ಈಗ ತಂಬೂರಿಯ ನಾಲ್ಕು ತಂತಿಗಳೂ ಬೇರೆ ಬೇರೆಯಾಗಿ ಕೇಳುತ್ತಿದ್ದವು.

ಎದುರು ಮನೆಯವನು ಎದ್ದು ನಿಂತು, ಇದು ತನ್ನ ಮನೆಯದೇ, ಪಂಚಮ ಕೇಳಿದರೆ ಗೊತ್ತಾಗುವುದಿಲ್ಲವೇ ಎಂದ. ಜನ ಹೌದು ಹೌದು ಎಂದರು. ತಂಬೂರಿಯವನು ಎದ್ದು, ಇದು ತನ್ನದೇ ಎಂದಿದ್ದರೂ ಅವರು ಹೌದು ಹೌದು ಎನ್ನುತ್ತಿದ್ದರು. ಅವನು ಏಳಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಚೀಟಿಯನ್ನು ಸೊಸೆಯ ಕೈಗೆ ಕೊಟ್ಟ. ತೊಂಬತ್ತಾರು ಸಾವಿರ ಬಂದರೆ ದೀಪ ನೀಲಿಯಾಗಬೇಕು ಎಂದು ಅದರಲ್ಲಿ ಬರೆದಿತ್ತು.

ಕಳ್ಳ ಮನೆಯೊಳಗೇ ಇದ್ದ. ಮೊಬೈಲಿಗೆ ಒಂದು ಚಾಳಿ ಇತ್ತು. ಕರೆಯ ಗಂಟೆ, ಮೆಸೇಜಿನ ಟಿಣ್, ಹಾಡು, ಎಲ್ಲವನ್ನೂ ಅದು ಗಿರಣಿಯವನಂತೆ ಒಂದೇ ಜರಡಿಗೆ ಹಾಕಿ, ಒಂದೇ ಅಳತೆಗೆ ತಂದು ಆಮೇಲೆ ಹೊರಗೆ ಬಿಡುತ್ತಿತ್ತು. ಸೊಸೆ ಅರ್ಧ ಗಂಟೆ ತಡಕಾಡಿ, ಹಾಡು ಮೊಬೈಲಿನ ಜರಡಿಗೆ ಹೋಗದೆ ನೇರವಾಗಿ ಡ್ಯಾಕಿಗೇ ಹೋಗುವ ದಾರಿಯನ್ನು ಆ್ಯಪಿನಲ್ಲಿ ಹುಡುಕಿ ತೆಗೆದಳು. ಅದನ್ನು ಒತ್ತಿದಳು. ದೀಪ ಆರಿತು. ಮತ್ತೆ ಹೊತ್ತಿತು. ನೀಲಿ.

ಗಾಯಕಿ ಉಸಿರು ಎಳೆದುಕೊಂಡದ್ದು ಕೇಳಿತು. ಆಮೇಲೆ ತಂಬೂರಿ. ಪಂಚಮ ತುಂಬಿ ಬಂತು. ಷಡ್ಜದ ಜೋಡಿ ತಂತಿಗಳು ಒಂದರ ಬೆನ್ನಿಗೆ ಒಂದು ಬಂದವು. ಕೊನೆಗೆ ಖರಜ, ಎಲ್ಲಕ್ಕಿಂತ ತಗ್ಗಿನ ತಂತಿ. ಅದು ಅರಳುವ ಮುಂಚೆ ಒಂದು ಕ್ಷಣ ಗರ್ ಎಂದಿತು. ಮುಂದಿನ ಸುತ್ತಿನಲ್ಲಿಯೂ ಗರ್. ಅದರ ಮುಂದಿನ ಸುತ್ತಿನಲ್ಲಿಯೂ.

ಬೇರೆ ಊರಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇದು ತಂಬೂರಿಯವರ ಓಣಿ, ಒಬ್ಬೊಬ್ಬರ ಕಿವಿಯೂ ಪಳಗಿದ್ದು. ತಂತಿಗಳು ಹಾಯುವ ಎಲುಬಿನ ಪಟ್ಟಿಗೆ ಕುದುರೆ ಎನ್ನುತ್ತಾರೆ. ಅದನ್ನು ಅರದಿಂದ ಉಜ್ಜಿ ಉಜ್ಜಿ ಹದಕ್ಕೆ ತರಬೇಕು. ಒಂದು ಕೂದಲೆಳೆ ಕಡಿಮೆ ಉಜ್ಜಿದರೂ ತಂತಿ ಹೀಗೆ ಗೊಣಗುತ್ತದೆ. ನಾಡೇ ಕೊಂಡಾಡಿದ ತಂಬೂರಿಯಲ್ಲಿ ಅಂಥ ದೋಷವಿತ್ತು. ಪಡಸಾಲೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು.

ಎದುರು ಮನೆಯವನು ಟೊಪ್ಪಿಗೆ ಸರಿಮಾಡಿಕೊಂಡ. "ಇದು ನಮ್ಮ ಮನಿ ಕೆಲಸ ಅಲ್ಲ ಬಿಡ್ರಿ. ನಮ್ಮ ಖರಜ ಹಿಂಗ ಗರ್ ಅನ್ನಂಗಿಲ್ಲ" ಎಂದ. ಮೂವತ್ತು ವರ್ಷದ ಹಕ್ಕನ್ನು ಒಂದೇ ಉಸಿರಿಗೆ ಬಿಟ್ಟುಕೊಟ್ಟ.

ಈಗ ಎಲ್ಲರ ಕಣ್ಣೂ ತಂಬೂರಿಯವನ ಮೇಲೆ. ಪಾರಾಗಲು ಅವನಿಗೂ ದಾರಿ ಇತ್ತು. ಗಾಯಕಿಯ ಮನೆಯಲ್ಲಿ ಬೇರೆ ಊರಿನ ಹಳೆಯ ತಂಬೂರಿಗಳೂ ಇದ್ದವು, ಇದು ಅವುಗಳಲ್ಲಿ ಒಂದಿರಬೇಕು ಎಂದಿದ್ದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಮನೆತನದ ಹೆಸರು ಉಳಿಯುತ್ತಿತ್ತು. ಹಾಗೆ ಹೇಳಿಬಿಡಲಿ ಎಂದು ಸೊಸೆ ಮನಸ್ಸಿನಲ್ಲೇ ಬೇಡಿಕೊಂಡಳು.

ತಂಬೂರಿಯವನಿಗೆ ಅದೊಂದೂ ಹೊಳೆಯಲಿಲ್ಲ. ಅವನಿಗೆ ಅಪ್ಪನ ಮುಖ ಕಂಡಿತ್ತು. ಖರಜದ ಕೆಳಗೆ ಇನ್ನೊಂದು ಸಲ ಉಜ್ಜು ಎಂದು ಅಪ್ಪ ಅಂದು ಹೇಳಿದ್ದ. ಗಾಯಕಿಯ ಗಾಡಿ ಹೊರಗೆ ಕಾಯುತ್ತಿತ್ತು. ಉಜ್ಜಿದ್ದೇನೆ ಎಂದು ಇವನು ಸುಳ್ಳು ಹೇಳಿದ್ದ. ಅಪ್ಪ ತಂತಿಯನ್ನು ಒಂದು ಸಲ ಮೀಟಿದ, ಮಗನ ಮುಖ ನೋಡಿದ, ಒಳಗೆ ಹೋದ. ಅಂದು ಒಂದೇ ಒಂದು ಸಲ ಕೇಳಿದ ಗರ್ ಇದು. ಆ ದಿನ ಇದನ್ನು ಕೇಳಿದವರು ಇಬ್ಬರೇ, ಅವರಲ್ಲಿ ಒಬ್ಬ ಈಗಿಲ್ಲ.

ಅವನು ಎದ್ದು ನಿಂತ. ಕಣ್ಣಲ್ಲಿ ನೀರು ಬಂದಿತ್ತು, ಎದೆ ಮಾತ್ರ ಸೆಟೆದಿತ್ತು.

"ಇದು ನನ್ನ ಕೈಯಾಂದು. ಇನ್ನೊಮ್ಮೆ ಉಜ್ಜು ಅಂದಿದ್ದ ನಮ್ಮಪ್ಪ, ನಾ ಉಜ್ಜಲಿಲ್ಲ. ಮೂವತ್ತ ವರ್ಷ ನನ್ನದು ನನ್ನದು ಅನಕೋತ ಬಂದೆ. ಖರೇ ಹೇಳಬೇಕಂದ್ರ ನನಗ ಗೊತ್ತಿರಲಿಲ್ಲ. ಇವತ್ತ ಗೊತ್ತಾತು. ನನ್ನದ ಐತಿ!"

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಎದುರು ಮನೆಯವನು ಗೊಣಗಿದ. ಯಾರೂ ನಗಲಿಲ್ಲ. ತಂಬೂರಿಯವನು ಸೊಸೆಗೆ ಹೇಳಿ ಹಾಡನ್ನು ಮೊದಲಿನಿಂದ ಹಾಕಿಸಿದ. ಮುಕ್ಕಾಲು ಗಂಟೆಯ ರಾಗ. ಅಷ್ಟು ಹೊತ್ತೂ ಬೆನ್ನು ನೆಟ್ಟಗೆ ಮಾಡಿ ಕೂತು, ಪ್ರತಿಯೊಂದು ಗರ್ ಬಂದಾಗಲೂ, ಹೆಸರು ಹಿಡಿದು ಕರೆದವರಿಗೆ ಓಗೊಡುವಂತೆ ಹೂಂ ಎಂದ. ಆ ಓಣಿಯಲ್ಲಿ ಯಾರೂ ಅಷ್ಟು ಹೆಮ್ಮೆಯಿಂದ ಕೂತದ್ದನ್ನು ಜನ ಕಂಡಿರಲಿಲ್ಲ.

ಮುಂದೆ ಗಿರಾಕಿಗಳು ಬಂದರೆ ಅವನು ಆ ಹಾಡನ್ನು ತಾನೇ ಹಾಕಿ, ಖರಜ ಬಂದಾಗ ಬೆರಳೆತ್ತಿ ತೋರಿಸುತ್ತಿದ್ದ. ಆ ಮನೆಯಲ್ಲಿ ತಂಬೂರಿಗೆ ಹೇಳಿ ಹೋಗುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. "ಹಾಗಾದರೆ ಹೆಮ್ಮೆ ತಪ್ಪಲ್ಲ. ನಾನೂ ಪಡಬಹುದು, ಅಲ್ಲವೇ ಗುರುಗಳೇ?" ಎಂದ.

ಗುರುಗಳು ಅವನನ್ನೇ ನೋಡಿ ಹೇಳಿದರು: "ಧಾರಾಳವಾಗಿ ಪಡು. ನೀನು ಊರಿಗೆಲ್ಲ ಕಳಿಸಿದ ಕಛೇರಿಯ ಧ್ವನಿಮುದ್ರಣ ನನಗೂ ಬಂತು. ನೀನು ಅದನ್ನು ಒಂದು ಸಲವಾದರೂ ಪೂರ್ತಿ ಕೇಳಿದೆಯಾ?"

ಶಿಷ್ಯ ಜೇಬಿನಿಂದ ಮೊಬೈಲು ತೆಗೆದ.