ಮದುಮಗನ ಕೆನ್ನೆ ಉರಿದ ಕತೆ

ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಹುಟ್ಟಿರದ ಕಾಲ. ಒಂದೂರು. ಆ ಊರಲ್ಲಿ ಸಿಂಗ್ರಯ್ಯ ಅಂತ ಒಬ್ಬ ಕ್ಷೌರದವನಿದ್ದನಂತೆ. ಹೊಂಗೆ ಮರದ ಕೆಳಗೆ ಕೂತು ಊರ ಗಂಡಸರ ಗಡ್ಡ ತೆಗೆಯೋದು ಅವನ ಕೆಲಸ. ಮದುವೆ ಬಂತು ಅಂದರೆ ಕತ್ತಿ ಕೆಳಗಿಟ್ಟು ವಾಲಗ ಎತ್ತಿಕೊಳ್ಳುವವನೂ ಅವನೇ. ಬೆಳಗ್ಗೆ ಮದುಮಗನ ಮುಖಕ್ಷೌರ ಮಾಡಬೇಕು, ಆಮೇಲೆ ಊರಬಾಗಿಲಿಗೆ ಹೋಗಿ ವಾಲಗ ಊದುತ್ತಾ ಹೆಣ್ಣಿನ ದಿಬ್ಬಣವನ್ನ ಕರೆತರಬೇಕು, ಅದು ಅವನ ಮನೆತನದ ಪದ್ಧತಿ. ಕ್ಷೌರ ಚೆನ್ನಾಗೇ ಮಾಡ್ತಿದ್ದ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಅವನ ಜೀವ ಇದ್ದದ್ದೆಲ್ಲ ಆ ವಾಲಗದಲ್ಲಿ.

ಕತ್ತಿ ಹಿಡಿಯೋದು ಕಲಿಸುವಾಗ ಅವನಪ್ಪ ಬುದ್ಧಿ ಹೇಳಿದ್ದನಂತೆ. ಮೊದಲು ಬಿಸಿನೀರು. ಬರೀ ಚಿಮುಕಿಸಿ ಬಿಡೋದಲ್ಲ, ಕೂದಲು ಮೆತ್ತಗಾಗಿ ಕೈಗೆ ಬಗ್ಗೋ ತನಕ ಅಂಗೈಯಲ್ಲಿ ನೀವಬೇಕು. ಅಷ್ಟರಲ್ಲಿ ಕತ್ತಿ ಮಸೆದಿರಬೇಕು. ಕೂದಲು ಯಾವ ಕಡೆ ಮಲಗಿದೆಯೋ ಆ ಕಡೆಗೇ ಎಳೀಬೇಕು, ಎದುರು ಎಳೀಬಾರದು, ತೆಗೆದ ಜಾಗದ ಮೇಲೇ ಮತ್ತೆ ಮತ್ತೆ ಓಡಿಸಬಾರದು. ಆದಮೇಲೆ ತಣ್ಣೀರು ಹಾಕಿ, ಉಜ್ಜದೆ ಬಟ್ಟೆ ಒತ್ತಿ ನೀರು ತೆಗೆದು, ಲೋಳೆಸರದ ತಿರುಳು ಸವರಬೇಕು. ಕೊನೆಗೆ ಕೆನ್ನೆ ಮೇಲೆ ಕೈ ಇಟ್ಟು, ಉರೀತದಾ ಅಂತ ಕೇಳಬೇಕು. ಇಲ್ಲ ಅಂದಮೇಲೇ ಅವನನ್ನ ಏಳಿಸಬೇಕು. ಸಿಂಗ್ರಯ್ಯನಿಗೆ ಇಷ್ಟೂ ಗೊತ್ತಿತ್ತು ಕಣ್ರಪ್ಪಾ. ಗೊತ್ತಿಲ್ಲದೆ ಕೆಡಿಸಿದ್ದರೆ ಈ ಕತೆ ನಾನ್ಯಾಕೆ ಹೇಳ್ತಿದ್ದೆ.

ಆ ಊರಲ್ಲೇ ಬೋರಲಿಂಗ ಅನ್ನೋ ಹುಡುಗ. ತಾಯಿ ಒಬ್ಬಳೇ ಕಷ್ಟಪಟ್ಟು ಸಾಕಿದ ಮಗ. ಅವನ ಜವಳ ತೆಗೆದವನೂ ಸಿಂಗ್ರಯ್ಯನೇ. ಅವತ್ತು ಆ ಕೂಸು ಅಳೋದಿರಲಿ, ಅವನ ತೊಡೆ ಮೇಲೇ ನಿದ್ದೆ ಹೋಗಿತ್ತಂತೆ. ದೊಡ್ಡವನಾದ ಬೋರಲಿಂಗನಿಗೆ ಪಕ್ಕದ ಸೀಮೆಯ ಚೆನ್ನಾಜಿ ಅನ್ನೋ ಹುಡುಗಿ ಜೊತೆ ಮದುವೆ ಗೊತ್ತಾಯ್ತು. ಹೆಣ್ಣು ನೋಡಿ ಬಂದಾಗಿನಿಂದ ಅವನು ನೊಗ ಕಟ್ಟುವಾಗಲೂ ನಗ್ತಿದ್ದ, ಬಿಚ್ಚುವಾಗಲೂ ನಗ್ತಿದ್ದ. ಊರಿಗೆ ಊರೇ ಅವನನ್ನ ಆಡಿಕೊಳ್ಳೋದು, ಅವನು ಅದಕ್ಕೂ ನಗೋದು.

ಮದುವೆ ದಿನ ಬಂತು. ಸಿಂಗ್ರಯ್ಯನ ತಲೆತುಂಬ ಒಂದೇ ಯೋಚನೆ. ಹೆಣ್ಣಿನ ಕಡೆಯೋರು ವಾಲಗ ಕೇಳಿ ತಲೆದೂಗೋ ಜನವಂತೆ, ಇವತ್ತು ಅವರನ್ನ ನಿಂತಲ್ಲೇ ನಿಲ್ಲಿಸಬೇಕು. ಎದ್ದವನೇ ಊದಿ ಊದಿ ಅಭ್ಯಾಸ ಮಾಡ್ತಾ ಹೊತ್ತೇರಿಸಿಬಿಟ್ಟ. ಮದುಮಗನ ಮನೆಗೆ ಬಂದು ಹಸೆ ಮೇಲೆ ಕೂರಿಸುವಷ್ಟರಲ್ಲಿ, ದಿಬ್ಬಣ ಕೆರೆ ಏರಿ ಮೇಲೆ ಕಾಣಿಸ್ತಿದೆ ಅಂತ ಯಾರೋ ಕೂಗಿದರು. ನೀರು ಇನ್ನೂ ಒಲೆ ಮೇಲಿತ್ತು. ಬಿಂದಿಗೆಯಿಂದ ಒಂದು ಬೊಗಸೆ ತಣ್ಣೀರು ತಗೊಂಡು ಮುಖಕ್ಕೆ ಬಡಿದ, ಮಸೆಯದ ಕತ್ತೀಲೇ ಶುರುಮಾಡಿದ. ನುಣ್ಣಗಾಗಲಿಲ್ಲ. ಎದುರೆಳೆದ. ಆಗಲೂ ಆಗಲಿಲ್ಲ, ಅದೇ ಜಾಗದ ಮೇಲೆ ಮತ್ತೆ ಎಳೆದ.

"ಉರೀತದೆ, ಸಿಂಗ್ರಣ್ಣ," ಅಂದ ಬೋರಲಿಂಗ.

ಸಿಂಗ್ರಯ್ಯ ಕೆನ್ನೆ ಮೇಲೆ ಕೈ ಇಡಲಿಲ್ಲ. ಒರಟು ಬಟ್ಟೇಲಿ ಗಸಗಸ ಉಜ್ಜಿ, ಕತ್ತಿಯನ್ನ ಚೀಲಕ್ಕೆ ತುರುಕಿ, ವಾಲಗ ಹಿಡಿದು ಊರಬಾಗಿಲಿಗೆ ಓಡಿದ. ಲೋಳೆಸರ ಅಲ್ಲೇ ಬೇಲಿಯಲ್ಲಿ ಬೆಳೆದಿತ್ತು. ಕೈ ಚಾಚಿದ್ದರೆ ಸಿಕ್ಕಿರೋದು.

ಅಬ್ಬಾ, ಅವತ್ತು ಎಂಥ ವಾಲಗ ಊದಿದನಂತೆ ಅವನು. ಗಾಡಿಯ ಎತ್ತುಗಳೂ ಕಿವಿ ನಿಮಿರಿಸಿದವು, ಹೆಣ್ಣಿನ ಕಡೆಯೋರು ಭೇಷ್ ಭೇಷ್ ಅಂದರು. ಅಷ್ಟರಲ್ಲಿ ಎದುರುಗೊಳ್ಳೋಕೆ ಮದುಮಗನನ್ನ ಕರೆತಂದರು. ಬಿಸಿಲು, ಬೆವರು, ಹಚ್ಚಿದ ಅರಿಶಿಣ, ಎಲ್ಲ ಸೇರಿ ಅವನ ಮುಖ ಕೆಂಡವಾಗಿತ್ತು. ಗಲ್ಲದಿಂದ ಕತ್ತಿನ ತನಕ ಕೆಂಪು ಕೆಂಪು ಗುಳ್ಳೆ. ಹೆಣ್ಣಿನ ಸೋದರತ್ತೆ ಗಾಡಿಯಿಂದ ಇಳಿಯೋಕೆ ಕಾಲು ಚಾಚಿದವಳು ಹಾಗೇ ಹಿಂದಕ್ಕೆಳೆದುಕೊಂಡಳು.

"ಅಮ್ಮ ಎದ್ದೌಳೆ," ಅಂದಳು. "ಹುಡುಗನ ಮೈಮೇಲೆ ಅಮ್ಮ ಬಂದೌಳೆ. ವಾಲಗ ನಿಲ್ಸಿ."

ಸಿಡುಬಿನ ಅಮ್ಮ ಬಂದ ಮನೆಯಲ್ಲಿ ವಾಲಗ ಊದಬಾರದು, ಒಗ್ಗರಣೆ ಹಾಕಬಾರದು, ಮದುವೆ ಮಾತಂತೂ ಎತ್ತಲೇಬಾರದು. ಹಿಂದಿನೋರ ಕಟ್ಟಳೆ. ಸಿಂಗ್ರಯ್ಯ ವಾಲಗ ಕೆಳಗಿಳಿಸಿದ. ಅದು ಅಮ್ಮ ಅಲ್ಲ, ತನ್ನ ಕತ್ತಿ ಮಾಡಿದ ಕೆಲಸ ಅಂತ ಅಲ್ಲಿದ್ದೋರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಒಂದೇ ಒಂದು ಮಾತು ಸಾಕಿತ್ತು. ಆದರೆ ಈಗ ತಾನೇ ಭೇಷ್ ಅಂದ ಜನದ ಮುಂದೆ, ಮದುಮಗನ ಮುಖ ಕೆಡಿಸಿದವನು ನಾನೇ ಅಂತ ಹೇಗೆ ಹೇಳೋದು. ಇನ್ನೊಂದು ಗಳಿಗೆ ನೋಡೋಣ, ಯಾರಾದರೂ ಹತ್ತಿರ ಬಂದು ನೋಡಿ ಅವರೇ ತಿಳ್ಕೊಂಡಾರು ಅಂತ ನಿಂತ. ಯಾರೂ ಹತ್ತಿರ ಬರಲಿಲ್ಲ. ಗಾಡಿಗಳು ತಿರುಗಿದವು. ಚೆನ್ನಾಜಿ ಹಿಂದಿನ ಗಾಡಿಯಲ್ಲಿ ಕೂತು, ಕೆರೆ ಏರಿ ಹಿಂದೆ ಮರೆಯಾಗೋ ತನಕ ಈ ಕಡೆಗೇ ನೋಡ್ತಿದ್ದಳಂತೆ.

ಮುಹೂರ್ತ ತಪ್ಪಿದರೆ ಹೆಣ್ಣಿಗೆ ಕೇಡು ಅಂತ ಅವರು ದಾರಿಯಲ್ಲೇ ಇದ್ದ ಸೋದರಮಾವನ ಊರಲ್ಲಿ ಇಳಿದು, ಮಾವನ ಮಗನ ಕೈಯಿಂದ ತಾಳಿ ಕಟ್ಟಿಸಿದರಂತೆ. ಇಲ್ಲಿ ಬೋರಲಿಂಗನ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅವನನ್ನ ಒಳಕೋಣೆಯಲ್ಲಿ ಮಲಗಿಸಿದರು. ಮಾರನೇ ದಿನ ನೋಡಿದರೆ ಮುಖ ಎಳೆ ಸೌತೆಕಾಯಿಯ ಹಾಗೆ ತಿಳಿಯಾಗಿದೆ. ಅಮ್ಮ ಬಂದಷ್ಟೇ ಬೇಗ ಹೋದಳಲ್ಲ ಅಂತ ತಾಯಿ ಅತ್ತಳು.

ಅವತ್ತಿನಿಂದ ಬೋರಲಿಂಗ ಗಡ್ಡ ಬಿಟ್ಟ. ಬೇರೆ ಹೆಣ್ಣು ನೋಡೋಣ ಅಂದರೆ ಬೇಡ ಅಂದ. ನನ್ನ ಮುಖ ನೋಡಿ ಎಲ್ಲರೂ ಓಡಿಹೋದರಲ್ಲ, ಇನ್ಯಾರಿಗೂ ಅದನ್ನ ತೋರಿಸೋದು ಬೇಡ ಅಂದನಂತೆ. ಸಿಂಗ್ರಯ್ಯ ಮಾತ್ರ ಮಿಕ್ಕ ಎಲ್ಲರ ಗಡ್ಡವನ್ನೂ ಅಪ್ಪ ಹೇಳಿದ ಹಾಗೇ, ಬಿಸಿನೀರಲ್ಲಿ ನೀವಿ ನೀವಿ ತೆಗೀತಿದ್ದ. ಎಷ್ಟು ನಿಧಾನ ಮಾರಾಯ ಅಂತ ಬೈಸಿಕೊಳ್ಳೋನು. ವಾಲಗ ಬಾಯಿಗಿಟ್ಟರೆ ಉಸಿರೇ ಬರ್ತಿರಲಿಲ್ಲ. ಹೀಗೇ ಮಳೆಗಾಲ ಎಷ್ಟು ಹೋದವೋ, ಬೇಸಿಗೆ ಎಷ್ಟು ಬಂದವೋ.

ಒಂದು ಬೇಸಿಗೆ, ಉರಿಬಿಸಿಲ ಹೊತ್ತು. ಹಣೆತುಂಬ ಕುಂಕುಮ, ತಲೆ ಮೇಲೆ ಕುಕ್ಕೆ, ಕುಕ್ಕೆ ತುಂಬ ಬೇವು. ಒಬ್ಬ ಮುದುಕಿ ಹೊಂಗೆ ಮರದ ಕೆಳಗೆ ಬಂದು ನೀರು ಕೇಳಿದಳಂತೆ. ಕುಡಿದು ಬಾಯಿ ಒರಸಿಕೊಂಡು, ಊರೂರು ತಿರುಗೋದೇ ನನ್ನ ಕೆಲಸ ಅಂದಳು.

"ಈ ಊರಲ್ಲಿ ಬೋರಲಿಂಗ ಅನ್ನೋನ ಬಾಗಿಲಿಗೆ ನನ್ನ ಹೆಸರಲ್ಲಿ ಬೇವು ಕಟ್ಟಿದ್ರಂತೆ. ಆ ವರ್ಷ ನಾನು ಈ ದಾರೀಲೇ ಬಂದಿರಲಿಲ್ಲ ಕಣಪ್ಪ. ಆ ಹುಡುಗನ ಮುಖ ಮುಟ್ಟಿದೋರು ಯಾರು?"

ಸಿಂಗ್ರಯ್ಯನಿಗೆ ಬಂದವಳು ಯಾರು ಅಂತ ಗೊತ್ತಾಯ್ತು. ಕಾಲಿಗೆ ಬಿದ್ದು, ನಾನೇ ತಾಯಿ, ಹೇಗಾದರೂ ಸರಿಮಾಡು ಅಂತ ಬೇಡಿಕೊಂಡ.

"ನಾನು ಕೊಟ್ಟಿದ್ದನ್ನ ನಾನು ಇಳಿಸ್ತೀನಿ," ಅಂದಳು ಅಮ್ಮ. "ನೀನು ಕೊಟ್ಟಿದ್ದನ್ನ ನಾನು ಹೇಗೆ ಇಳಿಸಲಿ?"

ತಲೆ ಎತ್ತಿದರೆ ಅವಳಿಲ್ಲ. ಸಿಂಗ್ರಯ್ಯ ಕ್ಷೌರದ ಚೀಲ ಎತ್ತಿಕೊಂಡು ನೆಟ್ಟಗೆ ಬೋರಲಿಂಗನ ಕಣಕ್ಕೆ ಹೋದ. ಅವನು ಒಬ್ಬನೇ ರಾಗಿ ತೂರ್ತಿದ್ದ, ಗಡ್ಡ ಎದೆ ಮುಟ್ಟಿತ್ತು. ಸಿಂಗ್ರಯ್ಯ ತಣ್ಣೀರು, ಮಸೆಯದ ಕತ್ತಿ, ಬಾಯಿಬಿಡದೆ ನಿಂತದ್ದು, ಒಂದೂ ಬಿಡದೆ ಹೇಳಿದ. ಬೋರಲಿಂಗ ಮೊರ ಕೆಳಗಿಟ್ಟ.

"ಅವತ್ತು ಉರೀತದೆ ಅಂದೆ, ಸಿಂಗ್ರಣ್ಣ. ನಿನಗೆ ಕೇಳಿಸಲಿಲ್ಲ ಅಂದ್ಕೊಂಡೆ."

"ಕೇಳಿಸ್ತು ಮಗಾ," ಅಂದ ಸಿಂಗ್ರಯ್ಯ. "ಕೇಳಿಸ್ತು."

ಊರೋರಿಗೆಲ್ಲ ಹೇಳು, ಅಮ್ಮನ ಮೇಲೆ ಅಪವಾದ ಇರೋದು ಬೇಡ ಅಂದ ಬೋರಲಿಂಗ. ಚೆನ್ನಾಜಿಗೆ ಮಾತ್ರ ಹೇಳಬೇಡ, ಅವಳು ಮಕ್ಕಳು ಮರಿ ಮಾಡ್ಕೊಂಡು ನೆಮ್ಮದಿಯಾಗಿದ್ದಾಳಂತೆ, ಅವಳಿಗೆ ಈಗ್ಯಾಕೆ ಈ ಸಂಕಟ ಅಂದ. ಆಮೇಲೆ ಕಣದ ಅಂಚಿನ ಕಲ್ಲಿನ ಮೇಲೆ ಕೂತು ಮುಖ ಎತ್ತಿದ.

"ಇವತ್ತಾದರೂ ನಿಧಾನವಾಗಿ ಮಾಡು."

ಸಿಂಗ್ರಯ್ಯ ಅಲ್ಲೇ ಮೂರು ಕಲ್ಲು ಹೂಡಿ ನೀರು ಕಾಯಿಸಿದ. ನೀವಿದ, ಮಸೆದ, ಮಲಗಿದ ಕೂದಲನ್ನ ಮಲಗಿದ ಕಡೆಗೇ ಎಳೆದ. ತಣ್ಣೀರು ಹಾಕಿ, ಬಟ್ಟೆ ಒತ್ತಿ, ಲೋಳೆಸರ ಸವರಿದ. ಒಂದು ಗೀರಿಲ್ಲ, ಒಂದು ಗುಳ್ಳೆಯಿಲ್ಲ. ಗಡ್ಡದೊಳಗಿಂದ ಹೊರಬಂದ ಮುಖ ಮಾತ್ರ ಮದುಮಗನದಾಗಿರಲಿಲ್ಲ, ಕೆನ್ನೆ ಒಳಕ್ಕೆ ಹೋಗಿತ್ತು. ಸಿಂಗ್ರಯ್ಯ ಅದರ ಮೇಲೆ ಅಂಗೈ ಇಟ್ಟ. ಉರೀತದಾ ಮಗಾ ಅಂತ ಕೇಳಿದ. ಬೋರಲಿಂಗ ಕಣ್ಣು ಮುಚ್ಚಿಕೊಂಡು, ಇಲ್ಲಣ್ಣ ಅಂದ. ಆದರೂ ಸಿಂಗ್ರಯ್ಯನಿಗೆ ಆ ಕೈ ತೆಗೆಯೋಕೆ ಆಗಲಿಲ್ಲವಂತೆ.

ಆ ಸೀಮೆಯಲ್ಲಿ ಇವತ್ತಿಗೂ ಕ್ಷೌರದೋರು ಕೆನ್ನೆ ಮೇಲೆ ಕೈ ಇಟ್ಟು ಕೇಳದೆ ಯಾರನ್ನೂ ಏಳಿಸೋದಿಲ್ಲವಂತೆ. ಅವರ ಕಣದ ನೀರು ಅಲ್ಲಿ ಆರಿತು, ನನ್ನ ಬಾಯ ಕತೆ ಇಲ್ಲಿ ತೀರಿತು. ಕೇಳಿದೋರ ಕೆನ್ನೆ ತಣ್ಣಗಿರಲಿ.