ಜೇನುಗೂಡಿನ ಸುಂಕದ ಪಾಠ

ಶಿವನು ಅರಳಿಸಿದ ಹೂವೆಲ್ಲ ಸಿಹಿಯೇ. ಮನುಷ್ಯ ಮದ್ದು ಹೊಡೆದ ಹೂವು ಮಾತ್ರ ಹಾಗಲ್ಲ. ಅದಕ್ಕೇ ಜೇನುಗೂಡಿನ ಬಾಗಿಲಲ್ಲೊಂದು ಸುಂಕದ ಕಟ್ಟೆ. ಅಲ್ಲಿ ಜೇನಜ್ಜಿ ಎಳೆಯ ಜೇನೊಬ್ಬಳಿಗೆ ಕಾವಲಿನ ವಿದ್ಯೆ ಕಲಿಸುತ್ತಿದ್ದಳು. "ಮುಖ ನೋಡಬೇಡ ಮಗಳೇ, ಹೊರೆ ಮೂಸು. ಒಂದು ತೊಟ್ಟು ವಿಷ ಒಳಗೆ ಹೋದರೂ ಮರಿಗಳು ಉಳಿಯವು."

ಕಲಿಕೆ ಮುಗಿಯುವ ದಿನ, ಜೊತೆಗೇ ಬೆಳೆದ ತಂಗಿ ಮಕರಂದ ಕುಡಿದು ತೂರಾಡುತ್ತ ಬಂದಳು. ಎಳೆಯ ಜೇನು ಮೂಸಿದಳು. ಮದ್ದಿನ ವಾಸನೆ!

"ನೀನು ಒಳಗೆ ಬರುವಂತಿಲ್ಲ ತಂಗಿ."

"ಒಬ್ಬಳೇ ಸಾಯಲೇ ಅಕ್ಕಾ? ಅಯ್ಯೋ, ಸುಂಕದವಳ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು!"

ಅಕ್ಕ ಬಾಗಿಲನ್ನು ಅಜ್ಜಿಗೆ ಒಪ್ಪಿಸಿ ಹೊರಗಿನ ಕೊಂಬೆಗೆ ಇಳಿದಳು. ತಂಗಿಯನ್ನು ತಬ್ಬಿಕೊಂಡು, ಅವಳ ಉಸಿರು ನಿಲ್ಲುವತನಕ ಶಿವನಾಮ ಹೇಳುತ್ತ ಕೂತಳು. ಆಮೇಲೆ ಮರಳಿ ಬಂದು ಬಾಗಿಲಲ್ಲಿ ತಲೆಬಾಗಿದಳು.

"ಅಜ್ಜೀ, ಮೊದಲು ನನ್ನನ್ನೇ ಮೂಸಿ ನೋಡು."

ಅಜ್ಜಿ ಮೂಸಿದಳು, ಅವಳ ಕಣ್ಣಲ್ಲಿ ನೀರು ತುಂಬಿತು. "ನಿನ್ನ ವಿದ್ಯೆ ಪೂರ್ತಿಯಾಯಿತು ಮಗಳೇ. ಆದರೆ ಮದ್ದು ನಿನ್ನ ಮೈಗೂ ಅಂಟಿದೆ. ಒಳಗೆ ಬರಬೇಡ."

"ಆಗಲಿ ಅಜ್ಜಿ" ಎಂದು ಅವಳು ಒಬ್ಬಳೇ ಕೊಂಬೆಗೆ ಹಿಂತಿರುಗಿದಳು. ಶಿವನ ಬಿಸಿಲನ್ನು ತಡೆಯುವ ಕಟ್ಟೆ ಯಾವುದೂ ಇಲ್ಲ. ಅದು ಅವಳ ರೆಕ್ಕೆಯ ಮೇಲೂ ಬಿತ್ತು.