ಗೆರೆಯ ಮೇಲಿನ ಬಾವಿ

"ಗುರುಗಳೇ, ಮನಸ್ಸು ಕೂಡದೆ ಜನ ಕೂಡಬಹುದೇ?"

ಗಲ್ಗಾಲೊ ಇಡೀ ದಾರಿ ಈ ಪ್ರಶ್ನೆಯನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡೇ ಬಂದಿದ್ದ. ಗಡಿಯ ಕಾದಾಟ ನಿಲ್ಲಬೇಕು, ಆಫ್ರಿಕದ ದೇಶಗಳೆಲ್ಲ ಒಂದಾಗಬೇಕು ಎಂದು ನಾಳೆ ದೊಡ್ಡ ಸಭೆ ಸೇರುವುದಿತ್ತು. ತನ್ನ ಜನರ ಪರವಾಗಿ ಮಾತಾಡಬೇಕಾದವನು ಅವನೇ. ಪಕ್ಕದಲ್ಲಿ ಗಡಿಯಾಚೆಯವರು ಕೂರುತ್ತಾರೆ. ಅವನ ಅಣ್ಣನನ್ನು ಕೊಂದವರು ಅವರು.

"ಮೊದಲು ಈ ಎದೆಯ ಉರಿ ಆರಲಿ. ಒಗ್ಗಟ್ಟಿನ ಮಾತು ಆಮೇಲೆ. ಈಗ ಹೋಗಿ ಕೈ ಹಿಡಿದರೆ ಬರೀ ನಾಟಕ. ನಾನು ಹೋಗುವುದಿಲ್ಲ" ಎಂದ.

ಗುರು ಜಾರ್ಸೊ ಜಾಲಿಯ ನೆರಳಲ್ಲಿ ಕುಳಿತಿದ್ದರು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಒಣ ಬಯಲಿನಲ್ಲಿ ಎರಡು ಕುಲದ ದನಗಾಹಿಗಳಿದ್ದರು. ದೂರದಿಂದ ಬಂದ ಯಾರೋ ನಕ್ಷೆ ಹಾಸಿ ಆ ಬಯಲಿನ ನಡುವೆ ಗೆರೆ ಎಳೆದರು. ಗೆರೆ ದನಗಳಿಗೆ ಕಾಣಲಿಲ್ಲ, ಮನುಷ್ಯರಿಗೆ ಮಾತ್ರ ಕಂಡಿತು. ದಾಟಿಹೋದ ದನಕ್ಕಾಗಿ ಬಡಿದಾಟಗಳಾದವು. ಅಂಥದೊಂದರಲ್ಲಿ ಈಚೆಯ ಒಬ್ಬ ದನಗಾಹಿಯ ತಮ್ಮ ಸತ್ತ.

ಒಂದು ವರ್ಷ ಎರಡೂ ಕಡೆಯ ಬಾವಿಗಳು ಬತ್ತಿದವು. ಗೆರೆಯ ಮೇಲಿದ್ದ ಹಳೆಯ ಬಾವಿಯಲ್ಲಿ ಮಾತ್ರ ನೀರಿತ್ತು. ಅದು ಬಹಳ ಆಳ. ಹಗ್ಗ ರಾಟೆಯ ಬಾವಿಯಲ್ಲ. ಗೋಡೆಯಲ್ಲಿ ಕೊರೆದ ಮೆಟ್ಟಿಲುಗಳ ಮೇಲೆ ಒಬ್ಬನ ಮೇಲೊಬ್ಬ ನಿಂತು, ತೊಗಲಿನ ಕೊಡವನ್ನು ಕೈಯಿಂದ ಕೈಗೆ ದಾಟಿಸಬೇಕು. ತುಂಬಿದ್ದು ಮೇಲಕ್ಕೆ, ಖಾಲಿಯದು ಕೆಳಕ್ಕೆ. ಎಲ್ಲರ ಕೈಯೂ ಒಂದೇ ಸಲ ಏಳಲಿ ಎಂದು ಹಾಡು ಹೇಳುವುದು ಅಲ್ಲಿಯ ವಾಡಿಕೆ. ಹಾಡು ತಪ್ಪಿದರೆ ಕೊಡ ತಪ್ಪುತ್ತದೆ.

ಹಗೆಯಲ್ಲಿ ಗಂಡಸರು ಸತ್ತು ಎರಡು ಕುಲದಲ್ಲೂ ಆಳು ಕಡಿಮೆಯಾಗಿದ್ದರು. ಒಂದು ಕುಲ ಇಳಿದು ನೋಡಿತು. ಬಾವಿಯ ಅರ್ಧಕ್ಕೇ ಜನರ ಸಾಲು ಮುಗಿಯಿತು. ಇನ್ನೊಂದು ಕುಲ ಇಳಿಯಿತು, ಅದೇ ಪಾಡು. ನೀರು ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಕೊನೆಗೆ ಬೇರೆ ಗತಿಯಿಲ್ಲದೆ ಆಚೆಯವರು ಕೆಳಗಿನ ಅರ್ಧದಲ್ಲಿ, ಈಚೆಯವರು ಮೇಲಿನ ಅರ್ಧದಲ್ಲಿ ನಿಂತರು. ನಡುವಿನ ಮೆಟ್ಟಿಲು ತಮ್ಮನನ್ನು ಕಳೆದುಕೊಂಡ ದನಗಾಹಿಯ ಪಾಲಿಗೆ ಬಂತು. ಅವನ ಕಾಲ ಕೆಳಗೆ ನಿಂತವನು ಆ ತಮ್ಮನಿಗೆ ಈಟಿ ಎಸೆದವನೇ.

ದನಗಾಹಿ ಬಗ್ಗಿ ಹೇಳಿದ: "ಮೊದಲು ದನ ನೀರು ಕುಡಿಯಲಿ. ಆಮೇಲೆ ನಾನೂ ನೀನೂ ನೋಡಿಕೊಳ್ಳೋಣ."

"ಆಗಲಿ. ನಾನೇನು ಓಡಿಹೋಗಲ್ಲ" ಎಂದ ಕೆಳಗಿನವನು.

ಕೆಳಗಿನವರು ತಮ್ಮ ಹಾಡು ಹಿಡಿದರು, ಮೇಲಿನವರು ತಮ್ಮದು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೊಡ ಬಂದಾಗ ದನಗಾಹಿಯ ಕೈ ಇರಲಿಲ್ಲ, ಕೈ ಚಾಚಿದಾಗ ಕೊಡವಿರಲಿಲ್ಲ. ನೀರೆಲ್ಲ ಕೆಳಗಿನವನ ತಲೆಯ ಮೇಲೆ ಸುರಿಯಿತು. ಸುಳ್ಳೇಕೆ, ದನಗಾಹಿಗೆ ಒಳಗೊಳಗೇ ಖುಷಿಯಾಯಿತು. ಹಗೆಯವರ ಹಾಡಿಗೆ ಕೈಯೆತ್ತುವುದಕ್ಕಿಂತ ಸಾಯುವುದೇ ಮೇಲು ಎಂದುಕೊಂಡ.

ಆಗ ಮೇಲಿನಿಂದ ಯಾರೋ ಕೂಗಿದರು: "ನಿನ್ನ ತಮ್ಮನ ಕೆಂದಹಸು ಮಲಗಿಬಿಟ್ಟಿದೆ, ಏಳ್ತಾ ಇಲ್ಲ!"

ಕರುವಾಗಿದ್ದಾಗಿನಿಂದ ತಮ್ಮ ಸಾಕಿದ ಹಸು ಅದು. ಅವನದೆಂದು ಉಳಿದಿದ್ದದ್ದು ಅದೊಂದೇ.

ನೀರು ಬರುವುದು ಕೆಳಗಿನಿಂದ. ಕೆಳಗಿನವರ ಹಾಡಿಗೇ ಕೈಯೆತ್ತಬೇಕು. ಹಗೆಯವರ ಹಾಡನ್ನು ಯಾರೂ ಕಲಿಯುವುದಿಲ್ಲ, ಆದರೆ ಗೆರೆಯಾಚೆಯಿಂದ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ದನಗಾಹಿ ಬಾಯಿ ತೆರೆದ. ಮೊದಲ ಸಾಲನ್ನು ಅರ್ಧಕ್ಕೇ ನಿಲ್ಲಿಸಿದ. ತಮ್ಮನ ಹೆಣ ಹೊತ್ತು ತಂದ ದಿನವೂ ಆಚೆಯಿಂದ ಇದೇ ಹಾಡು ಕೇಳಿಬಂದಿತ್ತು. ಎರಡನೆಯ ಸಾಲನ್ನು ಅಳುತ್ತಲೇ ಹಾಡಿದ. ಕೊಡ ಕೈಗೆ ಬಂತು. ಮೇಲಿನವರು ಅವನನ್ನು ಬೈದುಕೊಂಡೇ ದನಿಗೂಡಿಸಿದರು. ಕೆಂದಹಸು ಕುಡಿಯಿತು, ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು.

ಮರುದಿನ ಕೆಳಗಿನವನು ತಲೆಯೆತ್ತದೆ, "ಇವತ್ತು ನಿಮ್ಮ ಹಾಡಾಗಲಿ" ಎಂದ. ಕೆಳಗಿನವರು ಅದನ್ನು ತಪ್ಪುತಪ್ಪಾಗಿ ಹಾಡಿದರು. ಆದರೂ ಕೊಡ ತಪ್ಪಲಿಲ್ಲ. ಬರುಬರುತ್ತ ಬಾವಿಯ ಹೂಳನ್ನು ಕೂಡಿಯೇ ಎತ್ತಿದರು, ಸವೆದ ಮೆಟ್ಟಿಲುಗಳನ್ನು ಕೂಡಿಯೇ ಕೊರೆದರು. ಯಾವ ಹಾಡು ಯಾವ ಕುಲದ್ದೆಂದು ಈಗಿನ ಮಕ್ಕಳನ್ನು ಕೇಳಿದರೆ ಅವರಿಗೆ ಗೊತ್ತಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು. ಗಲ್ಗಾಲೊಗೆ ಸಮಾಧಾನವಾಗಲಿಲ್ಲ.

"ಆದರೆ ಅವನು ಕ್ಷಮಿಸಿದನೇ, ಗುರುಗಳೇ? ದನ ಕುಡಿದ ಮೇಲೆ ನೋಡಿಕೊಳ್ಳೋಣ ಎಂದಿದ್ದನಲ್ಲ, ಅದೇನಾಯಿತು?"

"ದನ ಇನ್ನೂ ಕುಡಿಯುತ್ತಲೇ ಇವೆ, ಮಗೂ" ಎಂದರು ಗುರು.